ಸದರಿ ಮರಿಯ ಟೆಂಡರು

ನೀರು ಸರಬರಾಜು ಕಚೇರಿಯ ಖರೀದಿ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಕೂತವರಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಮೂರು ಕಡೆ ದರ ಕೇಳದೆ ಅವರು ಒಂದು ಪೊರಕೆಯನ್ನೂ ಕೊಳ್ಳಲಾರರು. ನಮ್ಮ ಖರೀದಿ ಸಾಹೇಬರ ಕಾಯಿಲೆ ಕಚೇರಿಯಲ್ಲೇ ನಿಲ್ಲದೆ ಅವರ ಹಿಂದೆಯೇ ಮನೆಗೂ ಬಂದು ಬೀಡುಬಿಟ್ಟಿತ್ತು. ಮನೆಗೆ ಫ್ರಿಜ್ ಬಂದದ್ದು ಮುಚ್ಚಿದ ಲಕೋಟೆಯ ಮೂಲಕ. ಹಾಸಿಗೆ ಬಂದದ್ದೂ ಹಾಗೆಯೇ. ಅದು ಎಲ್ಲಕ್ಕಿಂತ ಕಡಿಮೆ ದರದ್ದಾದ್ದರಿಂದ ಗಂಡ ಹೆಂಡತಿ ಇಬ್ಬರೂ ಆರು ವರ್ಷದಿಂದ ಅದರ ನಡುವಿನ ಹಳ್ಳಕ್ಕೆ ಜಾರಿಕೊಂಡೇ ನಿದ್ದೆ ಮಾಡುತ್ತಿದ್ದರು.

ಇಂಥ ಮನೆಗೆ ಒಂದು ಸೋಮವಾರ ಸಾಹೇಬರ ತಂಗಿ ನಾಯಿಮರಿಯೊಂದನ್ನು ತಂದು ಬಿಟ್ಟಳು. ಎರಡು ತಿಂಗಳ ಕಂದು ಮರಿ. ಒಂದು ಕಿವಿ ನೆಟ್ಟಗೆ ನಿಲ್ಲುತ್ತಿತ್ತು, ಇನ್ನೊಂದು ಸೋಮಾರಿ.

"ಭಾನುವಾರದ ತನಕ ಇಟ್ಕೊಂಡು ನೋಡಣ್ಣ," ಅಂದಳು ತಂಗಿ. "ಬೇಡ ಅಂದ್ರೆ ಹನ್ನೊಂದು ಗಂಟೆಗೆ ನಮ್ಮ ಬೀದಿಯ ಗ್ಯಾರೇಜಿನವನು ಬಂದು ತಗೊಂಡು ಹೋಗ್ತಾನೆ. ಕಾವಲಿಗೆ ಕಟ್ಟಿಹಾಕ್ತಾನಂತೆ."

ಹತ್ತು ವರ್ಷದ ಮಗಳು ಅಪ್ಪನ ಮುಖವನ್ನೇ ನೋಡಿದಳು. ಸಾಹೇಬರಿಗೆ ನಾಯಿ ಬೇಡವಾಗಿತ್ತು. ಆದರೆ ಆ ಮುಖ ನೋಡಿಕೊಂಡು 'ಬೇಡ' ಎನ್ನಲು ನಾಲಿಗೆ ಏಳಲಿಲ್ಲ. ಕಚೇರಿಯಲ್ಲಿ ಯಾರಿಗಾದರೂ ಇಲ್ಲ ಎನ್ನಬೇಕಾಗಿ ಬಂದಾಗ ಮಾಡುತ್ತಿದ್ದುದನ್ನೇ ಇಲ್ಲೂ ಮಾಡಿದರು. ಟೆಂಡರು ಕರೆದರು.

ನಿಯಮ ಸರಳವಾಗಿತ್ತು, ಷರತ್ತುಗಳಷ್ಟೇ ಹನ್ನೊಂದು ಪುಟ. ಮಗಳು, ಹೆಂಡತಿ, ಅತ್ತೆ ಮೂವರೂ ಮರಿಯ ಮೊದಲ ವರ್ಷಕ್ಕೆ ಎಷ್ಟು ಖರ್ಚಾಗುತ್ತದೆಂದು ಬೇರೆ ಬೇರೆಯಾಗಿ ಬರೆದು ಲಕೋಟೆ ಅಂಟಿಸಿ ಕೊಡಬೇಕು. ಸಾಹೇಬರು ಒಂದು ಗರಿಷ್ಠ ಮಿತಿಯನ್ನು ಗುಟ್ಟಾಗಿ ಬರೆದಿಡುತ್ತಾರೆ. ಮೂವರ ದರವೂ ಮಿತಿಯೊಳಗಿದ್ದರೆ ಮರಿ ಉಳಿಯುತ್ತದೆ, ಎಲ್ಲರಿಗಿಂತ ಕಡಿಮೆ ಬರೆದವರು ಅಷ್ಟೇ ಹಣದಲ್ಲಿ ಅದನ್ನು ಸಾಕಬೇಕು. ಒಬ್ಬರದು ಮೀರಿದರೂ ಟೆಂಡರು ರದ್ದು, ಮರಿ ಗ್ಯಾರೇಜಿಗೆ. ಅಲ್ಲಿಯವರೆಗೆ ಮರಿಗೆ ಹೆಸರಿಡುವಂತಿಲ್ಲ, ಇಟ್ಟರೆ ಮಂಜೂರಾದಂತೆ ಆಗುತ್ತದೆ. ಕಾಗದದಲ್ಲೆಲ್ಲ 'ಸದರಿ ಮರಿ' ಎಂದೇ ಇತ್ತು. ಸಂಜೆಯ ಹೊತ್ತಿಗೆ ಮನೆಯವರೆಲ್ಲ ಅದನ್ನು "ಸದರಿ, ಬಾ ಇಲ್ಲಿ" ಎಂದು ಕರೆಯತೊಡಗಿದರು, ಅದೂ ಬಾಲ ಅಲ್ಲಾಡಿಸಿಕೊಂಡು ಬರತೊಡಗಿತು.

ಸಾಹೇಬರು ಮೊದಲು ಪ್ರಾಮಾಣಿಕವಾಗಿಯೇ ಅಂದಾಜು ಹಾಕಿದ್ದರು. ಚುಚ್ಚುಮದ್ದು, ಹುಳುವಿನ ಔಷಧಿ, ಆಹಾರ, ಬಟ್ಟಲು, ಪಟ್ಟಿ, ಸಂತಾನಹರಣ ಶಸ್ತ್ರಚಿಕಿತ್ಸೆ, 'ಹಲ್ಲು ಬರುವ ಕಾಲದಲ್ಲಿ ಚಪ್ಪಲಿ ನಾಶ, ನಾಲ್ಕು ಜೊತೆ', 'ಸೋಫಾ, ಭಾಗಶಃ'. ಒಟ್ಟು ಮೂವತ್ತೊಂದು ಸಾವಿರದ ನಾನೂರು ಆಯಿತು. ಆಮೇಲೆ ಗರಿಷ್ಠ ಮಿತಿಯ ಚೀಟಿಯಲ್ಲಿ ಹದಿನೆಂಟು ಸಾವಿರ ಎಂದು ಬರೆದರು. ತಲೆ ನೆಟ್ಟಗಿರುವ ಯಾರೂ ಆ ಹಣದಲ್ಲಿ ನಾಯಿ ಸಾಕಲಾರರು. ಟೆಂಡರು ತಾನಾಗಿ ಬಿದ್ದುಹೋಗುತ್ತದೆ, ಅಪ್ಪ ಕೆಟ್ಟವನಾಗುವುದು ತಪ್ಪುತ್ತದೆ. ಚೀಟಿಯನ್ನು ಲಕೋಟೆಗೆ ಹಾಕಿ, ಅರಗಿನ ಮುದ್ರೆ ಒತ್ತಿ, ಅತ್ತೆಯಿಂದ ಸಾಕ್ಷಿ ಸಹಿ ಹಾಕಿಸಿದರು.

ಅತ್ತೆ ನಿವೃತ್ತ ಗಣಿತ ಟೀಚರು. ಸಹಿ ಹಾಕುತ್ತಲೇ, "ನನಗೂ ನಾಯಿಗೂ ಆಗಿಬರಲ್ಲ ಅಳಿಯಂದಿರೇ, ಮೊದಲೇ ಹೇಳಿದೀನಿ," ಎಂದರು. ಸಾಹೇಬರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಎಡವಟ್ಟಾದದ್ದು ಬುಧವಾರ ಸಂಜೆ. ಷರತ್ತುಗಳಲ್ಲಿ ತಪ್ಪೇನಾದರೂ ಉಳಿದಿದೆಯೇ ಎಂದು ಸಾಹೇಬರು ಗಟ್ಟಿಯಾಗಿ ಓದತೊಡಗಿದರು. ಎರಡನೇ ಪುಟಕ್ಕೆ ಹೆಂಡತಿ ಎದ್ದು ಮುಂದಿನ ಕೋಣೆಯ ತನ್ನ ಹೊಲಿಗೆ ಅಂಗಡಿಗೆ ಹೋದಳು. ಮೂರನೇ ಪುಟಕ್ಕೆ ಮಗಳಿಗೆ ಎಂದೂ ಇಲ್ಲದ ಹೋಂವರ್ಕ್ ನೆನಪಾಯಿತು. ಅತ್ತೆ ಟೀವಿಯ ಸದ್ದು ಜೋರು ಮಾಡಿದರು. ಸದರಿ ಮಾತ್ರ ಎದುರಿಗೆ ಕೂತು, ಕಣ್ಣು ಕದಲಿಸದೆ ಕೇಳಿತು. ಏಳನೇ ಪುಟದಲ್ಲಿ ದಂಡದ ವಿಷಯ ಬಂದಾಗ ತಲೆ ಓರೆ ಮಾಡಿತು. ಹನ್ನೊಂದನೇ ಪುಟ ಮುಗಿದ ಮೇಲೆ ಮೆಲ್ಲಗೆ ಬಂದು ಸಾಹೇಬರ ಪಾದದ ಮೇಲೆ ಗದ್ದವಿಟ್ಟು ನಿದ್ದೆಹೋಯಿತು.

ಇಪ್ಪತ್ತೆರಡು ವರ್ಷದಲ್ಲಿ ಅವರ ಷರತ್ತುಗಳನ್ನು ಕೊನೆಯವರೆಗೆ ಕೇಳಿದ ಜೀವ ಇನ್ನೊಂದಿರಲಿಲ್ಲ. ಗುತ್ತಿಗೆದಾರರು ಓದದೆಯೇ ಸಹಿ ಹಾಕುತ್ತಿದ್ದರು, ಮೇಲಧಿಕಾರಿ ತಿರುವಿಯೂ ನೋಡುತ್ತಿರಲಿಲ್ಲ. ಮರಿಗೆ ಎಚ್ಚರವಾದೀತೆಂದು ಮುಕ್ಕಾಲು ಗಂಟೆ ಕಾಲು ಕದಲಿಸಲಿಲ್ಲ. ಕಾಲು ಪೂರ್ತಿ ಜೋಮು ಹಿಡಿದ ಮೇಲೆ ಅವರಿಗೆ ಎರಡು ವಿಷಯ ಖಚಿತವಾದವು. ಒಂದು, ಈ ಮರಿಯನ್ನು ಬಿಟ್ಟು ಇರುವುದು ತಮ್ಮಿಂದಾಗದು. ಎರಡು, ಹದಿನೆಂಟು ಸಾವಿರ.

ಮುದ್ರೆ ಒಡೆಯುವಂತಿಲ್ಲ, ಅತ್ತೆಯ ಸಹಿ ಇದೆ. ಉಳಿದದ್ದು ಒಂದೇ ದಾರಿ. ಬೇರೆ ಇಲಾಖೆಗಳಲ್ಲಿ ಹಾಗೆ ಮಾಡಿದವರ ಸುದ್ದಿ ಓದಿ ಅವರು ಛೀ ಎಂದದ್ದುಂಟು.

ಗುರುವಾರ ಬೆಳಿಗ್ಗೆ ಮಗಳ ಶೂ ಲೇಸು ಕಟ್ಟಿಕೊಡುವ ನೆಪದಲ್ಲಿ ಬಗ್ಗಿ, "ಹದಿನೇಳು ಸಾವಿರದ ಒಂಬೈನೂರ ತೊಂಬತ್ತು ಅಂತ ಬರಿ ಪುಟ್ಟೀ. ನಿನಗೊಬ್ಬಳಿಗೇ ಹೇಳ್ತಿರೋದು," ಎಂದು ಪಿಸುಗುಟ್ಟಿದರು.

"ಹೀಗೆ ಹೇಳೋದು ತಪ್ಪಲ್ವಾ ಅಪ್ಪ?"

ಸಾಹೇಬರು ಎರಡೂ ಶೂಗಳ ಲೇಸನ್ನು ಒಂದಕ್ಕೊಂದು ಸೇರಿಸಿ ಬಿಗಿದುಬಿಟ್ಟರು. ಮಗಳು ಎದ್ದು ಹೆಜ್ಜೆಯಿಟ್ಟವಳು ಮುಗ್ಗರಿಸಿ ಅಪ್ಪನ ಮೇಲೆಯೇ ಬಿದ್ದಳು.

ಶುಕ್ರವಾರ ಹೊಲಿಗೆ ಅಂಗಡಿಗೆ ಹೋದರು. ಹೆಂಡತಿ ಕೊರಳಿಗೆ ಅಳತೆ ಟೇಪು ಹಾಕಿಕೊಂಡು ಪ್ಯಾಂಟೊಂದರ ಅಂಚು ಮಡಿಸುತ್ತಿದ್ದಳು. ಸಂಖ್ಯೆ ಕೇಳಿ ಮಷಿನ್ ನಿಲ್ಲಿಸಿದಳು.

"ಅಷ್ಟಕ್ಕೆ ನಾಯಿ ಸಾಕೋಕಾಗುತ್ತೇನ್ರೀ? ನನ್ನ ಲೆಕ್ಕ ಇಪ್ಪತ್ತೊಂಬತ್ತು ಸಾವಿರ ಬಂದಿದೆ."

"ಈಗ ಬರಿ, ಆಮೇಲೆ ನೋಡ್ಕೊಳ್ಳೋಣ."

ಇದೇ ಮಾತು ಆಡಿದ್ದಕ್ಕೆ ಪೈಪಿನ ಗುತ್ತಿಗೆದಾರನೊಬ್ಬನನ್ನು ಸಾಹೇಬರು ಹೋದ ವರ್ಷ ಕೋಣೆಯಿಂದ ಆಚೆಗೆ ಅಟ್ಟಿದ್ದರು. ಅದು ನೆನಪಾಗಿ ಕಿವಿ ಬಿಸಿಯಾಯಿತು. "ನಿನಗೊಬ್ಬಳಿಗೇ ಹೇಳ್ತಿರೋದು, ಗೊತ್ತಾಯ್ತಾ?" ಎಂದು ಸರಸರನೆ ಹೊರಬಂದರು.

ಅತ್ತೆಯದೇ ದೊಡ್ಡ ಬೆಟ್ಟ. ಶನಿವಾರ ಅವರು ಬಾಲ್ಕನಿಯಲ್ಲಿ ಬಟಾಣಿ ಸುಲಿಯುತ್ತಿದ್ದಾಗ ಸಾಹೇಬರು ಪಕ್ಕದಲ್ಲಿ ಕೂತು ತಾವೂ ಸುಲಿಯತೊಡಗಿದರು. ಮದುವೆಯಾದ ಹನ್ನೆರಡು ವರ್ಷದಲ್ಲಿ ಇದೇ ಮೊದಲು. ಅತ್ತೆ ಕನ್ನಡಕದ ಮೇಲಿನಿಂದ ಒಮ್ಮೆ ನೋಡಿದರು.

"ಅತ್ತೆ, ಹದಿನೇಳು ಸಾವಿರದ ಒಂಬೈನೂರ ತೊಂಬತ್ತು ಅನ್ನೋದು ಒಳ್ಳೇ ಸಂಖ್ಯೆ ಅಲ್ವಾ? ನಿಮಗೊಬ್ಬರಿಗೇ ಕೇಳ್ತಿದೀನಿ."

ಅತ್ತೆ ಒಂದು ಕಾಯಿ ಬಿಡಿಸುವಷ್ಟು ಹೊತ್ತು ಯೋಚಿಸಿದರು. "ಏಳರಿಂದ ಶೇಷವಿಲ್ಲದೆ ಭಾಗವಾಗುತ್ತೆ. ಪರವಾಗಿಲ್ಲ," ಎಂದು ಸಿಪ್ಪೆ ಎತ್ತಿಕೊಂಡು ಒಳಗೆ ಹೋದರು. ಅವರಿಗೆ ಅರ್ಥವಾಯಿತೋ, ಅರ್ಥವಾಗಿಯೂ ಬೇಡವೆಂದರೋ, ಸಾಹೇಬರಿಗೆ ತಲೆಬುಡ ತಿಳಿಯಲಿಲ್ಲ.

ಭಾನುವಾರ ಹತ್ತೂ ಮುಕ್ಕಾಲಿಗೇ ಗ್ಯಾರೇಜಿನವನು ಬಂದ. ಒಂದು ಕೈಯಲ್ಲಿ ರಟ್ಟಿನ ಪೆಟ್ಟಿಗೆ, ಇನ್ನೊಂದರಲ್ಲಿ ಸರಪಳಿ. ಮರಿಗಿಂತ ಸರಪಳಿಯ ತೂಕವೇ ಹೆಚ್ಚಿರಬೇಕು. ಅವನನ್ನು ಬಾಗಿಲ ಬಳಿ ಕುರ್ಚಿಯಲ್ಲಿ ಕೂರಿಸಿ, ಊಟದ ಮೇಜಿನ ಮೇಲೆ ಲಕೋಟೆಗಳನ್ನು ಸಾಲಾಗಿ ಇಟ್ಟು ಸಾಹೇಬರು ಶುರುಮಾಡಿದರು. ಮೊದಲು ಅರಗು ಒಡೆದು ಮಿತಿ ಓದಿದರು, ಹದಿನೆಂಟು ಸಾವಿರ. ನಂತರ ಮಗಳದು ಒಡೆದರು. ಹದಿನೇಳು ಸಾವಿರದ ಒಂಬೈನೂರ ತೊಂಬತ್ತು. ಹೆಂಡತಿಯದೂ ಅಷ್ಟೇ. ಅತ್ತೆಯ ಲಕೋಟೆಯನ್ನು ಕೊನೆಗೆ ಬಿಡಿಸಿದರು. ಒಳಗೆ ಹಾಳೆಯ ನಡುವೆ, ಕೆಳಗೆ ಎರಡು ಗೆರೆ ಎಳೆದು, ಅದೇ ಸಂಖ್ಯೆ.

"ಮೂರೂ ಮಿತಿಯೊಳಗಿವೆ!" ಎಂದು ಸಾಹೇಬರು ಕುರ್ಚಿಯಿಂದ ಅರ್ಧ ಎದ್ದರು.

"ಅಳಿಯಂದಿರೇ, ನಿಮ್ಮ ಇಪ್ಪತ್ತಮೂರನೇ ಷರತ್ತು ಓದಿ," ಎಂದರು ಅತ್ತೆ, ಮೇಜಿನ ಮೇಲಿದ್ದ ಷರತ್ತುಗಳ ಕಾಗದದ ಮೇಲೆ ಬೆರಳಿಟ್ಟು.

ಸಾಹೇಬರು ಓದಿದರು. ದರಗಳು ಒಂದೇ ಆಗಿದ್ದಲ್ಲಿ ಒಳಒಪ್ಪಂದ ನಡೆದಿದೆಯೆಂದು ಭಾವಿಸಿ ಟೆಂಡರನ್ನು ರದ್ದುಪಡಿಸತಕ್ಕದ್ದು. ಆ ವಾಕ್ಯವನ್ನು ಅವರೇ ಬರೆದಿದ್ದರು, 'ತಕ್ಕದ್ದು' ಎಂಬುದಕ್ಕೆ ಅಡಿಗೆರೆಯನ್ನೂ ಎಳೆದಿದ್ದರು. ಮೂರೂ ದರಗಳು ಮಿತಿಯೊಳಗೆ ಬರಲೆಂಬ ಆತುರದಲ್ಲಿ, ಮೂರಕ್ಕೂ ಬೇರೆ ಬೇರೆ ಸಂಖ್ಯೆ ಹೇಳಬೇಕೆಂಬುದು ಹೊಳೆದೇ ಇರಲಿಲ್ಲ. ಲಂಚ ಮುಟ್ಟದ ಮನುಷ್ಯನಿಗೆ ಕಳ್ಳತನದ ಅಭ್ಯಾಸ ಎಲ್ಲಿಂದ ಬರಬೇಕು?

"ನನಗೊಬ್ಬಳಿಗೇ ಅಂದ್ರಲ್ರೀ ನೀವು," ಎಂದಳು ಹೆಂಡತಿ.

"ನನಗೂ ಹಾಗೇ ಅಂದ್ರು," ಎಂದಳು ಮಗಳು.

"ನನ್ನ ಹತ್ರ ಬಟಾಣಿ ಸುಲಿದು ಹೇಳಿದ್ರು," ಎಂದರು ಅತ್ತೆ.

ಸಾಹೇಬರು ದಂಗಾಗಿ ಅತ್ತೆಯ ಕಡೆ ತಿರುಗಿದರು. "ನಿಮಗೆ ನಾಯಿ ಆಗಿಬರಲ್ಲ ಅಂದಿದ್ರಿ?"

"ಈಗಲೂ ಆಗಿಬರಲ್ಲ. ಇದು ಮರಿ."

ಗ್ಯಾರೇಜಿನವನು ಕೆಮ್ಮಿದ. "ಹಾಗಾದ್ರೆ ರದ್ದಾಯ್ತಲ್ಲ ಸಾರ್? ಅಂಗಡಿ ಬಿಟ್ಟು ಬಂದಿದೀನಿ."

ಮಗಳು ಎದ್ದು ಒಳಗೆ ಹೋಗಿ ತನ್ನ ಹಳೆಯ ಕೆಂಪು ಸ್ವೆಟರ್ ತಂದಳು. ಅದನ್ನು ಪೆಟ್ಟಿಗೆಯೊಳಗೆ ಹಾಸಿ, ಮೂಲೆಗಳನ್ನೆಲ್ಲ ಕೈಯಿಂದ ಒತ್ತಿ ಮೆತ್ತಗೆ ಮಾಡಿದಳು. ಆಮೇಲೆ ಸದರಿಯನ್ನು ಎತ್ತಿ ಎದೆಗೆ ಒತ್ತಿಕೊಂಡಳು. ಅತ್ತಿದ್ದರೆ ಸಾಹೇಬರು ಹೇಗೋ ತಡೆದುಕೊಳ್ಳುತ್ತಿದ್ದರು. ಅವಳು ಅಳಲಿಲ್ಲ. "ನಿಯಮ ಅಂದ್ರೆ ನಿಯಮ ಅಲ್ವಾ ಅಪ್ಪ," ಎಂದು ಥೇಟ್ ಅವರದೇ ದನಿಯಲ್ಲಿ ಹೇಳಿದಳು.

"ಕೊಡಲ್ಲ," ಎಂದರು ಸಾಹೇಬರು.

"ಏನ್ ಸಾರ್?"

"ಮರಿ ಕೊಡಲ್ಲ."

"ಯಾಕೆ ಸಾರ್? ನಿಮ್ಮ ಕಾಗದದಲ್ಲೇ ರದ್ದು ಅಂತಿದೆಯಲ್ಲ."

ಸಾಹೇಬರು ಹನ್ನೊಂದು ಪುಟವನ್ನೂ ಹಿಂದೆ ಮುಂದೆ ತಿರುವಿದರು. ಕಾರಣಕ್ಕೆ ಆಗುವಂಥದ್ದು ಅದರಲ್ಲಿ ಒಂದೂ ಇರಲಿಲ್ಲ. ಕಾಗದಗಳನ್ನು ಮೇಜಿನ ಮೇಲಿಟ್ಟು ಕನ್ನಡಕ ತೆಗೆದರು.

"ಯಾಕೆ ಅಂದ್ರೆ ನನಗೆ ಬೇಕು, ಅದಕ್ಕೇ. ಖರ್ಚು ಮೂವತ್ತೊಂದು ಸಾವಿರದ ನಾನೂರಾಗುತ್ತೆ, ನಾನು ಕೊಡ್ತೀನಿ. ಹದಿನೆಂಟು ಸಾವಿರ ಅನ್ನೋದು ಸುಳ್ಳು ಲೆಕ್ಕ." ಆಮೇಲೆ ಮಗಳ ಕಡೆ ತಿರುಗಿದರು. "ನಿನ್ನ ಮುಖ ನೋಡಿಕೊಂಡು ಬೇಡ ಅನ್ನೋ ಧೈರ್ಯ ಇರಲಿಲ್ಲ ಪುಟ್ಟೀ. ಅದಕ್ಕೇ ಹಾಗೆ ಬರೆದೆ."

ಮಗಳು ತಲೆಯೆತ್ತಿದಳು. "ಮತ್ತೆ ಬೇಕು ಅನ್ನೋಕೆ?"

"ಅದಕ್ಕೂ ಇರಲಿಲ್ಲ."

ಗ್ಯಾರೇಜಿನವನು ಸರಪಳಿಯನ್ನು ಹೆಗಲಿಗೆ ಹಾಕಿಕೊಂಡು, ಇಂಥ ಮನೆಗೆ ಇನ್ನೆಂದೂ ಬರಬಾರದೆಂದುಕೊಳ್ಳುತ್ತ ಪೆಟ್ಟಿಗೆಗೆ ಕೈಹಾಕಿದ. "ಒಂದು ನಿಮಿಷ ಅಂಕಲ್," ಎಂದು ಮಗಳು ಸದರಿಯನ್ನು ಅಪ್ಪನ ಕೈಗೆ ಕೊಟ್ಟು, ಬಗ್ಗಿ ತನ್ನ ಸ್ವೆಟರನ್ನು ಪೆಟ್ಟಿಗೆಯಿಂದ ತೆಗೆದುಕೊಂಡಳು.