ತಟ್ಟೆಯ ಮೇಲಿನ ಬೆರಳು

ಹೊಲಿಗೆ ಯಂತ್ರ ಬೆಳಗ್ಗೆಯಿಂದ ನಿಂತಿರಲಿಲ್ಲ. ಹೆಂಡತಿ ಆಗಲೇ ನಾಲ್ಕನೇ ಅಂಗಿಗೆ ಕಾಲರು ಕೂರಿಸುತ್ತಿದ್ದಳು. ಮೊದಲೆಲ್ಲ ಒಂದು ಅಂಗಿ ಮುಗಿಯುವಷ್ಟರಲ್ಲಿ ಮೀನಖಂಡ ಹಿಡಿದುಕೊಂಡು "ಅಯ್ಯಮ್ಮಾ" ಅನ್ನುತ್ತಿದ್ದವಳು. ಈ ಸದ್ದು ಕೇಳಿ ಹಿಗ್ಗಬೇಕಾದ ಗಂಡ ಮಾತ್ರ ಮುಳ್ಳಿನ ಮೇಲೆ ಕೂತವನಂತೆ ಏಳುತ್ತಿದ್ದ, ಕೂರುತ್ತಿದ್ದ, ಬಾಗಿಲ ತನಕ ಹೋಗಿ ಮತ್ತೆ ಬರುತ್ತಿದ್ದ.

"ಏನ್ರೀ, ಕಾಲಿಗೆ ಚಕ್ರ ಕಟ್ಕೊಂಡಿದೀರಾ? ನೀವು ಓಡಾಡಿದ್ರೆ ನನ್ನ ಹೊಲಿಗೆ ಸೊಟ್ಟ ಆಗುತ್ತೆ."

"ಅಂಗಡಿಗೆ ಹೋಗ್ಬೇಕು."

"ಹೋಗಿ ಮತ್ತೆ! ಯಾರು ಹಿಡ್ಕೊಂಡಿದಾರೆ?"

ಯಾರೂ ಹಿಡಿದುಕೊಂಡಿರಲಿಲ್ಲ. ಗೂಡಿನಲ್ಲಿದ್ದ ಅಂಗೈಯಗಲದ ಬಿಳಿ ಯಂತ್ರವೊಂದು ಹಿಡಿದುಕೊಂಡಿತ್ತು.

ಅವನ ಕಸುಬು ತಕ್ಕಡಿ ರಿಪೇರಿ. ಊರಿನವರ ಬಾಯಲ್ಲಿ ತಕ್ಕಡಿ ಮಾವ. ನಲವತ್ತೆರಡು ವರ್ಷದಿಂದ ಕಿರಾಣಿಯವರ ತಕ್ಕಡಿ, ಗುಜರಿಯವರ ಕಾಟಾ, ಆಸ್ಪತ್ರೆಯಲ್ಲಿ ಹತ್ತಿ ನಿಲ್ಲುವ ತೂಕದ ಯಂತ್ರ ಎಲ್ಲ ಅವನ ಕೈ ಕೆಳಗೆ ಹಾದುಹೋಗಿವೆ. ಓದಿದ್ದು ಮೂರನೇ ಇಯತ್ತೆ. ಆದರೆ ಮುಳ್ಳು ಯಾವಾಗ ಸುಳ್ಳು ಹೇಳುತ್ತದೆಂದು ಅವನಿಗೆ ಯಾರೂ ಕಲಿಸಬೇಕಿರಲಿಲ್ಲ.

ಬಿಳಿ ಯಂತ್ರ ತಂದುಕೊಟ್ಟವಳು ನಾದಿನಿ, ಹೆಂಡತಿಯ ತಂಗಿ. ಅಕ್ಕನಿಗೆ ಕೊಲೆಸ್ಟ್ರಾಲ್ ಇನ್ನೂರ ಅರವತ್ತೆರಡು ಎಂದು ಪ್ರಯೋಗಾಲಯದ ಚೀಟಿ ಬಂದು, ವೈದ್ಯರು ಮಾತ್ರೆ ಬರೆದಿದ್ದರು. ಮಾತ್ರೆ ಶುರುವಾಗಿ ಕೆಲವು ವಾರಕ್ಕೆ ಕಾಲು ನೋವು ಹಿಡಿಯಿತು. ಹೊಲಿಯುವವಳಿಗೆ ಕಾಲು ನೋವೆಂದರೆ ಕುದುರೆಗೆ ಕುಂಟು ಬಂದ ಹಾಗೆ. ಆಗ ನಾದಿನಿ ಡಬ್ಬಿ ಹಿಡಿದು ಬಂದಿದ್ದಳು.

"ಭಾವ, ಒಂದು ಹನಿ ರಕ್ತ ಸಾಕು. ಮೂರು ನಿಮಿಷಕ್ಕೆ ನಂಬರು ಬರುತ್ತೆ. ನಿಮ್ಮ ತಕ್ಕಡಿ ಥರ ಕಲ್ಲು ಗಿಲ್ಲು ಇಲ್ಲ."

"ಕಲ್ಲಿಲ್ದೆ ತೂಗೋದನ್ನ ನಾನು ಕಂಡಿಲ್ಲಮ್ಮ."

"ಕಾಣದ್ದು ಇನ್ನೂ ಬೇಕಾದಷ್ಟಿದೆ. ಬೆರಳು ಹಿಡ್ಕೊಳ್ಳಿ, ಮಾತು ಕಮ್ಮಿ ಮಾಡಿ!"

ಬೆರಳು ಹಿಡಿದವನು ಅವನೇ. ನಂಬರು ನೂರ ಎಪ್ಪತ್ತನಾಲ್ಕು ಬಂತು. ವೈದ್ಯರು ಹೇಳಿದ ಗೆರೆ ಇನ್ನೂರು. ಹೆಂಡತಿ ಅವತ್ತೇ ಯಾರನ್ನೂ ಕೇಳದೆ ಮಾತ್ರೆಯ ಡಬ್ಬಿಯನ್ನು ಗುಂಡಿಗಳ ಡಬ್ಬಿಯ ಹಿಂದೆ ತಳ್ಳಿದಳು. ಕಾಲು ನೋವು ಹದಿನೈದು ದಿನದಲ್ಲಿ ಹೋಯಿತು. ಮನೆಯಲ್ಲಿ ಹಳೆಯ ನಗು ಬಂತು.

ನಿನ್ನೆ, ಮಾತ್ರೆ ಬಿಟ್ಟು ಒಂದು ತಿಂಗಳಾಗಿದ್ದಕ್ಕೆ, ಮತ್ತೆ ನೋಡಿದರು. ನೂರ ಎಪ್ಪತ್ತೊಂಬತ್ತು.

"ನೋಡಿದ್ರಾ? ಸುಮ್ನೆ ನುಂಗಿಸ್ತಿದ್ರು!" ಎಂದು ಹೆಂಡತಿ ಚಪ್ಪಾಳೆ ತಟ್ಟಿದಳು.

ತಕ್ಕಡಿ ಮಾವನ ಎದೆಯಲ್ಲಿ ಕಲ್ಲು ಉರುಳಿದ್ದು ಆಗಲೇ. ತಟ್ಟೆಯಿಂದ ಕಲ್ಲು ತೆಗೆದ ಮೇಲೆ ಮುಳ್ಳು ಸರಿಯಬೇಕು. ಸರಿಯಲಿಲ್ಲವೆಂದರೆ ಒಳಗೆ ಎಲ್ಲೋ ಸಿಕ್ಕಿಕೊಂಡಿದೆ ಎಂದೇ ಅರ್ಥ. ಮಾತ್ರೆ ತೆಗೆದರೂ ನಂಬರು ಅಲ್ಲೇ ನಿಂತಿದೆ. ಅಂಥ ತಕ್ಕಡಿ ಅಂಗಡಿಗೆ ಬಂದಿದ್ದರೆ "ವ್ಯಾಪಾರ ನಿಲ್ಲಿಸಯ್ಯಾ" ಅನ್ನುತ್ತಿದ್ದ. ಹೆಂಡತಿಗೆ ಏನೆನ್ನುವುದು? ಅತ್ತೆ, ಅಂದರೆ ಇವಳ ತಾಯಿ, ಐವತ್ತೆಂಟಕ್ಕೆ ಸೂಜಿಗೆ ದಾರ ಪೋಣಿಸುತ್ತಲೇ ಪಕ್ಕಕ್ಕೆ ವಾಲಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಎದೆ ನಿಂತಿತ್ತು, ದಾರ ಇನ್ನೂ ಬೆರಳಲ್ಲೇ ಇತ್ತು. ಇವಳಿಗೆ ಈಗ ಐವತ್ತೇಳು.

ಇವತ್ತು ಅವಳು ನೀರಿಗೆ ಹೋದಾಗ ಅವನು ಗೂಡಿನಿಂದ ಬಿಳಿ ಯಂತ್ರ ಇಳಿಸಿದ. ಹೊಸ ತಕ್ಕಡಿಯನ್ನು ಅವನು ಪರೀಕ್ಷಿಸುವುದು ಒಂದೇ ಕಲ್ಲನ್ನು ಮೂರು ಸಲ ಇಟ್ಟು. ಹಾಗೆಯೇ ತನ್ನ ಮೂರು ಬೆರಳು ಚುಚ್ಚಿಕೊಂಡ. ನೂರ ತೊಂಬತ್ತೆಂಟು. ನೂರ ಅರವತ್ತೈದು. ನೂರ ಎಂಬತ್ತೆರಡು.

ಒಂದೇ ಮನುಷ್ಯ, ಒಂದೇ ಗಳಿಗೆ. ಸದಾ ಒಂದೇ ಅಳತೆ ತಪ್ಪುವ ತಕ್ಕಡಿಯನ್ನು ತಿದ್ದಬಹುದು. ಹೀಗೆ ಬಾಯಿಗೆ ಬಂದದ್ದು ಹೇಳುವುದನ್ನು ಏನು ಮಾಡುವುದು?

ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು ಅಂಗಡಿಗೆ ಹೋಗದೆ ನೇರ ರಕ್ತ ಪರೀಕ್ಷೆಯ ಪ್ರಯೋಗಾಲಯಕ್ಕೆ ನಡೆದ. ಅಲ್ಲಿಯ ತೂಕದ ಯಂತ್ರ ನೋಡಿಕೊಳ್ಳುವವನು ಅವನೇ. ರಕ್ತ ತೆಗೆಯುವ ಹೆಂಗಸು ಅವನನ್ನು ತಾತಾ ಅನ್ನುತ್ತಿದ್ದಳು.

"ಈ ಡಬ್ಬಿ ಸುಳ್ಳು ಹೇಳ್ತಿದೆ ತಾಯಿ. ನೋಡು."

ಅವಳು ರಕ್ತದ ಹನಿ ಹಾಕುವ ಪಟ್ಟಿಗಳ ತಾರೀಕು ನೋಡಿದಳು, ಮುಚ್ಚಳ ನೋಡಿದಳು. "ಪಟ್ಟಿ ಚೆನ್ನಾಗೇ ಇದೆ. ಹತ್ತು ಹದಿನೈದು ಹೆಚ್ಚುಕಮ್ಮಿ ಇದ್ದೇ ಇರುತ್ತೆ ತಾತಾ. ಇಷ್ಟೊಂದು ಹಾರಬಾರದು. ನಾಳೆ ಅಜ್ಜೀನ ಕರ್ಕೊಂಡ್ಬನ್ನಿ. ತೋಳಿಂದ ನಾನು ತೆಗೀತೀನಿ, ಬೆರಳಿಂದ ನೀವು ತೆಗೀರಿ. ಎರಡೂ ಪಕ್ಕಪಕ್ಕ ಇಟ್ಟು ನೋಡೋಣ."

ಮರುದಿನ ಹೆಂಡತಿಯನ್ನು ಕರೆತರಲು ಅವನು ಅರ್ಧ ಗಂಟೆ ಬೇಡಿದ. "ಚೆನ್ನಾಗಿರೋ ಕಾಲಿಗೆ ಕೊಡಲಿ ಹಾಕ್ಬೇಡಿ" ಎನ್ನುತ್ತಲೇ ಬಂದಳು. ತೋಳಿನ ರಕ್ತ ಹೋಯಿತು. ಆಮೇಲೆ ಬೆರಳು. ನಲವತ್ತು ವರ್ಷ ಸೂಜಿ ಒತ್ತಿದ ತುದಿ ಅದು, ಚಪ್ಪಲಿಯ ಅಟ್ಟೆಯಂತೆ ಗಟ್ಟಿ. ಚುಚ್ಚಿದರೆ ಕೆಂಪು ಚುಕ್ಕೆ ಮಾತ್ರ ಕಂಡಿತು. ಅವನು ಎಂದಿನಂತೆ ಬೆರಳನ್ನು ಬುಡದಿಂದ ತುದಿಯವರೆಗೆ ಒತ್ತಿ ಒತ್ತಿ ಹಿಂಡಿದ. ಹನಿ ಬಂತು.

ಆ ಹೆಂಗಸು ಅವನ ಕೈ ಹಿಡಿದಳು.

"ತಾತಾ, ಪ್ರತಿ ಸಲಾನೂ ಹೀಗೇ ಹಿಂಡ್ತೀರಾ?"

"ಹೂಂ. ಇಲ್ದಿದ್ರೆ ಬರಲ್ಲ. ನನ್ನ ಬೆರಳೂ ಹಂಗೇ, ಸುತ್ತಿಗೆ ಹಿಡಿದು ಕಲ್ಲಾಗಿದೆ."

"ಹಿಂಡಿದ್ರೆ ರಕ್ತದ ಜೊತೆ ಮಾಂಸದೊಳಗಿನ ನೀರೂ ಬರುತ್ತೆ. ನೀರು ಬೆರೆತ್ರೆ ನಂಬರು ಇಳಿಯುತ್ತೆ. ಒಂದ್ಸಲ ಹೆಚ್ಚು ಹಿಂಡ್ತೀರ, ಒಂದ್ಸಲ ಕಮ್ಮಿ. ಅದಕ್ಕೇ ಹಾರಾಡ್ತಿದೆ. ಡಬ್ಬೀದಲ್ಲ ತಪ್ಪು."

ಮಾವ ಪೆಚ್ಚಾಗಿ ನಿಂತ. ತಟ್ಟೆಯ ಅಂಚಿಗೆ ಕಿರುಬೆರಳು ತಾಗಿಸುವ ಎಷ್ಟು ವ್ಯಾಪಾರಿಗಳ ಕೈಗೆ ಅವನು ಕೋಲಿನಿಂದ ತಟ್ಟಿದ್ದ! "ಬೆರಳು ತೆಗೆಯಯ್ಯಾ, ತಕ್ಕಡಿ ಏನು ಪಾಪ ಮಾಡಿದೆ?" ಎಂದು ಇಡೀ ಸಂತೆ ಕೇಳುವಂತೆ ಕೂಗಿದ್ದ. ಈಗ ಆ ಬೆರಳು ತನ್ನದೇ. ಇನ್ನೂರರ ಒಳಗೆ ಬರಲಪ್ಪಾ ಎಂದು ಬೇಡಿಕೊಳ್ಳುತ್ತಲೇ ಹಿಂಡಿದ್ದ. ಬೇಡಿಕೆ ಇದ್ದ ಕಡೆ ಬೆರಳಿನ ಭಾರ ಹೆಚ್ಚೇ ಬೀಳುತ್ತದೆ.

ಆ ಹೆಂಗಸು ಅಜ್ಜಿಯ ಕೈಯನ್ನು ಬೆಚ್ಚಗಿನ ನೀರಲ್ಲಿ ತೊಳೆಸಿ, ಒರೆಸಿ, ಕೆಳಗೆ ಇಳಿಬಿಡಿಸಿದಳು. ಸೂಜಿ ಅಷ್ಟಾಗಿ ತಾಗದ ಕಿರುಬೆರಳಿನ ಪಕ್ಕಕ್ಕೆ ಚುಚ್ಚಿ, ಮೊದಲ ಹನಿ ಒರೆಸಿ ಎಸೆದಳು.

"ತಾತಾ, ನೀವು ಕೈ ಹಿಂದೆ ಕಟ್ಕೊಳ್ಳಿ."

ಅವನು ಕಟ್ಟಿಕೊಂಡ. ಎರಡನೇ ಹನಿ ತಾನಾಗಿ ಉಬ್ಬಿತು. ಆ ಮೂರು ನಿಮಿಷ ಅವನು ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತಲೇ ಇದ್ದ. ಇನ್ನೂರ ನಲವತ್ತೊಂದು.

ಸಂಜೆ ತೋಳಿನ ರಕ್ತದ ಚೀಟಿ ಬಂತು. ಇನ್ನೂರ ಐವತ್ತು.

ಹೆಂಡತಿ ಚೀಟಿಯನ್ನು ಎರಡು ಸಲ ನೋಡಿ ಹೊಲಿಗೆ ಯಂತ್ರದ ಮೇಲಿಟ್ಟಳು. ಕಾಲು ಪೆಡಲಿನ ಮೇಲೆ ಸುಮ್ಮನೆ ಕೂತಿತ್ತು.

"ಹಿಂಡಿದ್ದು ನೀವು. ನುಂಗೋದು ನಾನು."

"ಹೂಂ ಕಣೇ."

"ಬರೀ ಹೂಂ ಅಂದ್ರೆ? ಆ ಕಾಲು ನೋವು ನಿಮಗೆ ಬರ್ಬೇಕಿತ್ತು."

"ಆ ನೋವಿನ ಮಾತು ವೈದ್ಯರಿಗೆ ಹೇಳಿದ್ಯಾ?"

ಹೇಳಿರಲಿಲ್ಲ. ಇಬ್ಬರೂ ಹೇಳಿರಲಿಲ್ಲ. ಡಬ್ಬಿಯನ್ನು ಕೇಳಿದ್ದರು, ನಾದಿನಿಯನ್ನು ಕೇಳಿದ್ದರು, ಕೇಳಬೇಕಾದವರ ಬಾಗಿಲಿಗೆ ಮಾತ್ರ ಹೋಗಿರಲಿಲ್ಲ.

ಮರುದಿನ ಹೋದರು. ವೈದ್ಯರು ಮೊದಲು ಬೈದರು, ಆಮೇಲೆ ಕಾಲು ಒತ್ತಿ ನೋಡಿದರು, ಬೇರೆ ಮಾತ್ರೆಯನ್ನು ಕಡಿಮೆ ಅಳತೆಯಲ್ಲಿ ಬರೆದರು. "ನೋವು ಬಂದ್ರೆ ನನ್ನ ಹತ್ರ ಬನ್ನಿ. ನೀವೇ ನಿಲ್ಲಿಸ್ಬೇಡಿ. ಮನೆ ಯಂತ್ರ ನೋಡ್ಕೊಳ್ಳೋಕಿರಲಿ, ತೀರ್ಮಾನಕ್ಕಲ್ಲ," ಎಂದರು.

ಮನೆಗೆ ಬಂದು ಹೆಂಡತಿ ಹೊಸ ಮಾತ್ರೆ ನುಂಗಿ ಯಂತ್ರದ ಮುಂದೆ ಕೂತಳು. ಮಾವ ಅವತ್ತೂ ಅಂಗಡಿಗೆ ಹೋಗಲಿಲ್ಲ. ಪೆಡಲಿನ ಸದ್ದಿಗೆ ಕಿವಿ ಕೊಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದ. ಸದ್ದು ಎಲ್ಲಾದರೂ ತಡೆದರೆ ತಿರುಗಿ ನೋಡುತ್ತಿದ್ದ.

"ದಾರ ಕಿತ್ತಿದ್ದು ಕಣ್ರೀ, ಕಾಲಲ್ಲ," ಎಂದಳು ಅವಳು. "ಬನ್ನಿ, ಪೋಣಿಸಿ ಕೊಡಿ."

ಅವನು ಹಿಂದೆ ಕಟ್ಟಿಕೊಂಡಿದ್ದ ಕೈ ಬಿಡಿಸಿಕೊಂಡು ಒಳಗೆ ಹೋದ.