ಕಾಶಿನಾಥರಿಗೆ ಒಪ್ಪಿಸಿದ ವೆಬ್‌ಸೈಟು

ನನ್ನ ಮಗ ಸುಮಂತ ತೀರಿಕೊಂಡು ಹರಿಪಾದ ಸೇರಿದಾಗ ಅವನ ಕೈಯಲ್ಲಿದ್ದ ವೆಬ್‌ಸೈಟು ಅರ್ಧಕ್ಕೆ ನಿಂತಿತ್ತು. ಬೇಗಂ ಬಜಾರಿನ ಕಾಶಿನಾಥರ ಹಿತ್ತಾಳೆ ಪಾತ್ರೆಗಳ ಅಂಗಡಿಯದು. ಸೊಸೆ ಲಹರಿ ಅದನ್ನು ಮುಗಿಸಿದಳು. ಒಪ್ಪಿಸಿಕೊಳ್ಳಲು ಕಾಶಿನಾಥರು ಮಲ್ಕಾಜ್‌ಗಿರಿಯ ನಮ್ಮ ಮನೆಗೇ ಬಂದರು. ಲಹರಿ ದೇವರಿಗೆ ದೀಪ ಹಚ್ಚಿ ಕಂಪ್ಯೂಟರಿನ ಮುಂದೆ ಕುಳಿತಳು.

ಕಾಶಿನಾಥರಿಗೆ ಒಂದು ಅಳುಕಿತ್ತು. ಅವರ ಬಂಧುವೊಬ್ಬರಿಗೆ ವೆಬ್‌ಸೈಟು ಮಾಡಿಕೊಟ್ಟವನು ಅದರ ವಿಳಾಸವನ್ನು ತನ್ನ ಹೆಸರಿನಲ್ಲೇ ಇಟ್ಟುಕೊಂಡಿದ್ದನಂತೆ. ಅವನು ಊರು ಬಿಟ್ಟ ಮೇಲೆ ಎಲ್ಲವೂ ಮಾಯವಾಯಿತು.

"ತಪ್ಪು ತಿಳಕೋಬ್ಯಾಡ್ರಿ ನರಹರಿಯವರ," ಎಂದರು ನನಗೆ. "ಸುಮಂತ ಹೋದ. ನಾಳೆ ಈ ತಂಗೀನೂ ಮಾದಾಪುರದಾಗ ಕಂಪ್ಯೂಟರ್ ಕಂಪನಿ ನೌಕರಿ ಹಿಡದ್ರ ನನ್ನ ಕೈಯಾಗ ಏನು ಉಳೀತೈತಿ? ಕೊಡ ಆಗಿದ್ರ ಬಡದು ನೋಡಿ ತಗೋತಿದ್ದೆ."

"ಕಂಪ್ಯೂಟರ್ ಬಡೀಬ್ಯಾಡ್ರಿ ಕಾಕಾ, ಅದು ನಂದು," ಎಂದಳು ಲಹರಿ.

ಅವಳು ಪಾತ್ರೆಗಳ ಫೋಟೋಗಳನ್ನೆಲ್ಲ ಕೊಟ್ಟಳು. ದರ ಬದಲಾಯಿಸುವುದನ್ನು ಕಲಿಸಿದಳು. ಕಾಶಿನಾಥರು ಒಂದೇ ಬೆರಳಿನಲ್ಲಿ ಒತ್ತಿ ಒತ್ತಿ ತಂಬಿಗೆಯ ದರವನ್ನು ತಾವೇ ತಿದ್ದಿದರು. ಆಮೇಲೆ ಅವಳು ವಿಳಾಸದ ನೋಂದಣಿ ತೆರೆದಳು.

"ಮಾಲೀಕರು ಯಾರು ಅಂತ ಓದ್ರಿ."

ಓದಿದರು. ಕಾಶಿನಾಥರ ಹೆಸರೇ ಇತ್ತು.

"ಇದನ್ನ ಈಗ ಮಾಡಿದ್ಯಾ?"

"ನಾನಲ್ರಿ. ಕೆಲಸ ಶುರು ಮಾಡೂ ಮೊದಲಽ ಅವರು ಮಾಡಿಸಿಟ್ಟಾರ."

ಇದು ನನಗೂ ತಿಳಿದಿರಲಿಲ್ಲ. ಮಗ ಮನೆಯಲ್ಲಿ ಈ ಮಾತನ್ನು ಎಂದೂ ಆಡಿರಲಿಲ್ಲ. ನಾನು ಕನ್ನಡಕ ತೆಗೆದು ಒರೆಸಿಕೊಂಡೆ.

"ಇನ್ನ ಪಾಸ್‌ವರ್ಡ್ ಬದಲು ಮಾಡ್ರಿ," ಎಂದಳು ಲಹರಿ. "ನನಗೂ ಗೊತ್ತಾಗಬಾರದು."

ಕಾಶಿನಾಥರ ತಂದೆ ಎತ್ತಿನ ವ್ಯಾಪಾರಿ. ಸಂತೆಯಲ್ಲಿ ದರ ಕುದುರಿಸುವಾಗ ಪರರಿಗೆ ಕಾಣದಂತೆ ಹೆಗಲ ವಸ್ತ್ರದ, ವಲ್ಲಿಯ, ಕೆಳಗೆ ಬೆರಳು ಹಿಡಿಯುವುದು ಅವರ ರೂಢಿ. ಅದೇ ಅಭ್ಯಾಸದಿಂದ ಇವರೂ ಹೆಗಲ ಮೇಲಿನ ವಲ್ಲಿಯನ್ನು ಕೀಲಿಮಣೆಯ ಮೇಲೆ ಹರವಿ ಕೈ ಒಳಗಿಟ್ಟರು. ಅಕ್ಷರಗಳು ಅವರಿಗೇ ಕಾಣಲಿಲ್ಲ.

"ಕಾಕಾ, ವಲ್ಲಿ ತಗೀರಿ. ನಾವಽ ಆ ಕಡೆ ತಿರಗತೀವಿ."

ನಾವಿಬ್ಬರೂ ದೇವರ ಪಟದ ಕಡೆ ಮುಖ ಮಾಡಿ ನಿಂತೆವು. ಹಿಂದೆ ಕೀಲಿಗಳ ಸದ್ದು ನಿಧಾನವಾಗಿ ಕೇಳುತ್ತಿತ್ತು.

ಅವರು ಮುಗಿಸಿದ ಮೇಲೆ ಲಹರಿ ಹಳೆಯ ಪಾಸ್‌ವರ್ಡ್ ಹಾಕಿ ನೋಡಿದಳು. ತಪ್ಪು ಎಂದು ಬಂತು. ಮತ್ತೆ ಹಾಕಿದಳು. ಮತ್ತೆ ತಪ್ಪು.

"ನಿನಗೊಬ್ಬಾಕಿಗೆ ಹೇಳ್ಲೇನವಾ?" ಎಂದರು ಕಾಶಿನಾಥರು, ಸಂಕೋಚದಿಂದ.

"ಬ್ಯಾಡ್ರಿ." ಅವಳು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದಳು. "ನೋಡ್ರಿ ಮಾವ, ನನ್ನ ಒಳಗ ಬಿಡವಲ್ದು."

ಮಗು ತರಗತಿಗೇ ಮೊದಲ ಸ್ಥಾನ ಪಡೆದಾಗ ತಾಯಿ ಹೇಳುವ ದನಿ ಅದು. ನಾನು ಪರದೆಯ ಮೇಲಿನ ಆ ನಿರಾಕರಣೆಯನ್ನು ಎರಡು ಸಲ ಓದಿದೆ.