ಹೂ ಕತ್ತರಿಸಿದ ಹೊಲ

ಹೂದೋಟ ನೋಡಲು ಪರದೇಶಕ್ಕೆ ಹೊರಟ ಗುಂಪಿನಲ್ಲಿ ನಿವೃತ್ತ ನರ್ಸ್ ಒಬ್ಬರಿದ್ದರೆ ಮುಗಿಯಿತು, ಉಳಿದವರಿಗೆ ಇಲ್ಲದ ಕಾಯಿಲೆಗಳೆಲ್ಲ ನೆನಪಾಗುತ್ತವೆ. ವಿಮಾನ ಹತ್ತಿದಾಗಿನಿಂದ ಸಿಸ್ಟರ್‌ಗೆ ಇದೇ ಪಾಡು. ಅವರು ಆಸ್ಪತ್ರೆ ಬಿಟ್ಟರೂ ಆ ಹೆಸರು ಅವರನ್ನು ಬಿಟ್ಟಿರಲಿಲ್ಲ. ಬಡಾವಣೆಯ ತೋಟಗಾರಿಕೆ ಸಂಘದಲ್ಲೂ ಅವರು ಸಿಸ್ಟರೇ. ಒಬ್ಬರ ಮಂಡಿಗೆ ಮುಲಾಮು, ಇನ್ನೊಬ್ಬರ ಬಿಪಿ ಮಾತ್ರೆ ಊಟಕ್ಕೆ ಮುಂಚೆಯೋ ಆಮೇಲೋ ಎಂಬ ವಿಚಾರಣೆ, ಬಸ್ಸಿನಲ್ಲಿ ವಾಂತಿ ಬಂದವರಿಗೆ ಕವರು. ಗಾಜಿನ ಮನೆಯೊಳಗೆ ಆರ್ಕಿಡ್‌ಗಳು ಗೊಂಚಲು ಗೊಂಚಲಾಗಿ ಇಳಿಬಿದ್ದಿದ್ದವಂತೆ. ಸಿಸ್ಟರ್ ಆಗ ಹೊರಗಿನ ಬೆಂಚಿನ ಮೇಲೆ ಯಾರದೋ ನಾಡಿ ಹಿಡಿದು ಕೂತಿದ್ದರು.

"ಸುಸ್ತಾಯ್ತಾ ಸಿಸ್ಟರ್?" ಎಂದು ಯಾರಾದರೂ ಕೇಳಿದರೆ, "ಛೇ, ಇಲ್ಲಪ್ಪ" ಎಂಬ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಹೇಳಿ ಹೇಳಿ ಅದೇ ರೂಢಿಯಾಗಿತ್ತು. ನಿಜಕ್ಕೂ ಅವರ ಮೈಕೈಯೆಲ್ಲ ಸೋತುಹೋಗಿತ್ತು. ಒಂದು ನಿದ್ದೆ ತೆಗೆದರೆ ಹೋಗುವ ದಣಿವು ಅದಲ್ಲ.

ಅದರ ಮೇಲೆ ತಮ್ಮನ ಫೋನು. ಅವನ ಹೆಂಡತಿ ಮತ್ತೆ ಕೆಲಸಕ್ಕೆ ಸೇರಬೇಕಂತೆ, ಕೂಸನ್ನು ನೋಡಿಕೊಳ್ಳಲು ಅಕ್ಕ ಬಂದು ಅವರ ಮನೆಯಲ್ಲೇ ಇರಬೇಕಂತೆ.

"ಒಂದು ವರ್ಷ ಅಷ್ಟೇ ಅಕ್ಕ. ಹೇಗೂ ರಿಟೈರ್ ಆಗಿದೀಯ. ರೂಮು ಖಾಲಿ ಮಾಡ್ತೀವಿ ಅಂತ ನಿನ್ನ ಓನರ್‌ಗೆ ಹೇಳ್ಬಿಡ್ಲಾ?"

"ಬಂದ್ಮೇಲೆ ಹೇಳ್ತೀನಿ ಕಣೋ."

"ಅಷ್ಟು ದಿನ ಕಾಯೋಕಾಗಲ್ಲ. ನಾಳೆ ಹೇಳು."

ಒಂದು ವರ್ಷ! ಅಮ್ಮ ಹಾಸಿಗೆ ಹಿಡಿದಾಗ ಸಿಸ್ಟರ್ ತಮ್ಮದೇ ಮದುವೆಯ ಮಾತನ್ನು ಒಂದು ವರ್ಷ ಅಂತಲೇ ಮುಂದೂಡಿದ್ದರು. ತಮ್ಮನ ಓದು ಮುಗಿಯಲಿ ಎಂದು ಇನ್ನೊಂದು. ತಂಗಿಯ ಬಾಣಂತನ ಅಂತ ಮತ್ತೊಂದು. ಮದುವೆಯ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ, ಇವರೂ ನೆನಪಿಸಲಿಲ್ಲ. ನಿವೃತ್ತಿಯಾದ ಮೇಲೆ ಹಿಡಿದ ಬಾಡಿಗೆ ರೂಮು ಅಂಥ ದೊಡ್ಡದೇನಲ್ಲ; ಒಂದು ಮಂಚ, ಒಂದು ಒಲೆ, ಕಿಟಕಿಯ ಹೊರಗೆ ಸಾಲಾಗಿ ಕುಂಡಗಳು. ಆದರೆ ಕೀಲಿ ಬರೀ ಅವರ ಕೈಯಲ್ಲಿದ್ದ ಮೊದಲ ಬಾಗಿಲು ಅದು.

ಮರುದಿನ ಪ್ರವಾಸದ ಕೊನೆಯ ಜಾಗ, ಟ್ಯೂಲಿಪ್ ಹೊಲ. ಸಂಘದ ಅಧ್ಯಕ್ಷರಾದ ಗುಲಾಬಿ ಮೇಷ್ಟ್ರು, "ಕಣ್ಣು ಹಾಯೋವಷ್ಟು ದೂರ ಬಣ್ಣಾನೇ ಬಣ್ಣ" ಎಂದು ತಿಂಗಳುಗಟ್ಟಲೆ ಆಸೆ ಹುಟ್ಟಿಸಿದ್ದರು. ಫೋಟೋಗೆಂದು ಎಲ್ಲರೂ ಒಳ್ಳೆಯ ಬಟ್ಟೆ ಹಾಕಿಕೊಂಡು ಬಸ್ಸಿನಿಂದಿಳಿದರೆ, ಹೊಲದ ತುಂಬ ಬರೀ ಹಸಿರು ದಂಟು. ಒಂದರ ಮೇಲೂ ಹೂವಿಲ್ಲ. ಬದುವಿನ ಪಕ್ಕದಲ್ಲಿ ಕೆಂಪು, ಹಳದಿ ಹೂಗಳನ್ನು ಕಸದ ಹಾಗೆ ರಾಶಿ ಹಾಕಿದ್ದರು; ಅಡಿಯವು ಆಗಲೇ ಕೊಳೆಯುತ್ತಿದ್ದವು.

"ಇದೇನ್ರೀ ಅನ್ಯಾಯ!" ಮೇಷ್ಟ್ರು ಟೂರ್ ಮ್ಯಾನೇಜರ್ ಮೇಲೆ ಹರಿಹಾಯ್ದರು.

ಆಕೆ ಹೋಗಿ ಟ್ರ್ಯಾಕ್ಟರಿನ ಹತ್ತಿರ ನಿಂತಿದ್ದ ಹೆಂಗಸನ್ನು ವಿಚಾರಿಸಿಕೊಂಡು ಬಂದಳು. "ಇದು ಗೆಡ್ಡೆ ಬೆಳೆಯೋ ಹೊಲ ಅಂತೆ ಸಾರ್. ಹೂ ಹಾಗೇ ಬಿಟ್ರೆ ಶಕ್ತಿಯೆಲ್ಲ ಅದಕ್ಕೇ ಹೋಗುತ್ತೆ, ಗೆಡ್ಡೆ ದಪ್ಪ ಆಗಲ್ಲ. ಅದಕ್ಕೇ ಅರಳಿದ ಮೇಲೆ ಕತ್ತರಿಸ್ತಾರೆ. ನಿನ್ನೆ ತಾನೆ ಮಿಷನ್ ಓಡಿಸಿದ್ರಂತೆ."

"ಮುಂದಿನ ವರ್ಷನಾದ್ರೂ ಹೂ ಹಾಗೇ ಬಿಡ್ತಾರಾ?" ಸಿಸ್ಟರ್ ಕೇಳಿದರು. ಪ್ರವಾಸದುದ್ದಕ್ಕೂ ಅವರು ಹೂವಿನ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು.

ಮ್ಯಾನೇಜರ್ ಕೂಗಿ ಕೇಳಿದಳು. ಟ್ರ್ಯಾಕ್ಟರಿನ ಹೆಂಗಸು ನಕ್ಕು ಏನೋ ಹೇಳಿದಳು.

"ಮುಂದಿನ ವರ್ಷಾನೂ ಕತ್ತರಿಸ್ತಾರಂತೆ. ಗೆಡ್ಡೆ ಮಾರೋಕೆ ತಾನೇ ಬೆಳೆಯೋದು? ಕೊಂಡ್ಕೊಂಡೋರ ಮನೇಲಿ ಅರಳುತ್ತಂತೆ."

ಎಲ್ಲರಿಗೂ ನಗು ಬಂತು. ಮೇಷ್ಟ್ರೂ ಸೋತು ನಕ್ಕು, ಬಂದದ್ದಕ್ಕೆ ಇದಾದರೂ ಇರಲಿ ಎಂದು ರಾಶಿಯ ಮುಂದೆ ಫೋಟೋಗೆ ನಿಂತರು. ಸಿಸ್ಟರ್‌ಗೆ ನಗು ಬರಲಿಲ್ಲ. ಕೆಟ್ಟ ಸಿಟ್ಟು ಬಂತು. ಟ್ರ್ಯಾಕ್ಟರಿನ ಹೆಂಗಸಿನ ಮೇಲಲ್ಲ, ತಮ್ಮನ ಮೇಲೂ ಪೂರ್ತಿ ಅಲ್ಲ. ಯಾರು ಏನು ಕೇಳಿದರೂ ಹೂಂ ಅನ್ನುತ್ತ ಬಂದ ತನ್ನದೇ ನಾಲಿಗೆಯ ಮೇಲೆ. ಬಸ್ಸಿನ ಮೆಟ್ಟಿಲ ಮೇಲೆ ಕುಸಿದು ಕೂತರು.

"ಸಿಸ್ಟರ್, ನಿಂತೂ ನಿಂತೂ ಕಾಲು ಹಿಡ್ಕೊಂಡಿದೆ, ಸ್ವಲ್ಪ ನೋಡ್ತೀರಾ?" ಮೇಷ್ಟ್ರು ಕುಂಟುತ್ತ ಬಂದರು. ಸಿಸ್ಟರ್ ಔಷಧಿಯ ಚೀಲವನ್ನು ಇಡಿಯಾಗಿ ಅವರ ಕೈಗಿತ್ತರು. "ಮುಲಾಮು ಇದರಲ್ಲೇ ಇದೆ, ಹಚ್ಕೊಳ್ಳಿ." ಮೇಷ್ಟ್ರು ಪೆಚ್ಚಾಗಿ ಚೀಲ ಹಿಡಿದುಕೊಂಡು ಹೋದರು.

ಅಷ್ಟರಲ್ಲಿ ಫೋನು ಬಂತು. "ಅಕ್ಕ, ಓನರ್‌ಗೆ ಹೇಳ್ಲಾ?"

"ಬೇಡ. ನಾನು ಬರಲ್ಲ ಕಣೋ."

"ಯಾಕಕ್ಕ? ಹುಷಾರಿಲ್ವಾ?"

"ಹುಷಾರಾಗೇ ಇದೀನಿ."

"ಮತ್ತೆ? ಮಗು ಬೇಡ್ವಾ ನಿಂಗೆ?"

ಆ ಮಾತು ನೇರ ಎದೆಗೆ ನಾಟಿತು. ಹುಟ್ಟಿದ ದಿನ ಕೂಸನ್ನು ಮೊದಲು ಎತ್ತಿಕೊಂಡವರೇ ಅವರು. "ಬೇಕು. ಭಾನುವಾರ ಬಂದು ಆಡಿಸಿ ಹೋಗ್ತೀನಿ."

"ಹಾಗಾದ್ರೆ ಏನಾಗಿದೆ ಅಕ್ಕ ನಿಂಗೆ?"

ಛೇ, ಏನಿಲ್ಲಪ್ಪ ಎಂಬುದು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ನುಂಗಿಕೊಂಡರು.

"ಸುಸ್ತಾಗಿದೆ," ಎಂದರು. "ತುಂಬಾ ವರ್ಷದಿಂದ ಸುಸ್ತಾಗಿದೆ ಕಣೋ."

ಫೋನಿನಲ್ಲಿ ತಮ್ಮನ ಹಿಂದೆ ಕೂಸು ಎದ್ದು ಅಳುವುದು ಕೇಳಿಸಿತು. ಆಯ್ತು, ಬರ್ತೀನಿ ಬಿಡು ಎನ್ನಲು ಸಿಸ್ಟರ್ ಬಾಯಿ ತೆರೆದರು, ಮತ್ತೆ ಮುಚ್ಚಿಕೊಂಡರು.